ಕಾದಾಡದೆ ಹಿಂದೆ ಸರಿಯುವ ಮೃಗಗಳು

ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿರುವ ನಮ್ಮಂಥವರಿಗೆ ಊರಿನ ನೆಂಟರಿಷ್ಟರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಸಿಂಹಕ್ಕೂ ಕಾಡೆಮ್ಮೆಗೂ ಕಾದಾಟವಾಗುವುದನ್ನು ಕಣ್ಣಾರೆ ನೋಡಿದ್ದೀರಾ? ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಒಂದೇ ವಿಡಿಯೊ ಇರುತ್ತದೆ. 2004ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಟ್ರಾನ್ಸ್‌ಪೋರ್ಟ್ ಡ್ಯಾಮ್ ಎಂಬ ಕೆರೆಯ ಬಳಿ ಪ್ರವಾಸಿಯೊಬ್ಬರು ಅದನ್ನು ಚಿತ್ರೀಕರಿಸಿದರು. 2007ರಲ್ಲಿ ಅದು ಯೂಟ್ಯೂಬ್‌ಗೆ ಬಂದ ಮೇಲೆ ಕೋಟ್ಯಂತರ ಜನ ನೋಡಿದ್ದಾರೆ. ಸಿಂಹಗಳು ಕಾಡೆಮ್ಮೆಯ ಕರುವನ್ನು ಹಿಡಿದು ಅದರೊಂದಿಗೇ ನೀರಿಗೆ ಉರುಳುತ್ತವೆ, ನೀರಿನಿಂದ ಮೊಸಳೆ ಬಂದು ಕರುವಿಗೆ ಬಾಯಿ ಹಾಕುತ್ತದೆ, ಎರಡೂ ಕಡೆಯಿಂದ ಎಳೆದಾಟ ನಡೆದು ಸಿಂಹಗಳು ಗೆಲ್ಲುತ್ತವೆ. ಅಷ್ಟರಲ್ಲಿ, ಓಡಿಹೋಗಿದ್ದ ಹಿಂಡು ಇನ್ನಷ್ಟು ದೊಡ್ಡದಾಗಿ ಮರಳಿ ಬರುತ್ತದೆ. ಒಂದು ಕಾಡೆಮ್ಮೆ ಸಿಂಹವೊಂದನ್ನು ಕೊಂಬಿನಿಂದ ಗಾಳಿಗೆ ಎತ್ತಿ ಎಸೆಯುತ್ತದೆ. ಸತ್ತಿತೆಂದೇ ಎಲ್ಲರೂ ಭಾವಿಸಿದ್ದ ಕರು ಎದ್ದು ನಿಂತು ಹಿಂಡಿನೊಳಗೆ ಸೇರಿಕೊಳ್ಳುತ್ತದೆ.

ಆ ದೃಶ್ಯ ನಿಜ, ಅದರಲ್ಲಿ ಯಾವ ಕೈಚಳಕವೂ ಇಲ್ಲ. ಆದರೆ ಸುಮಾರು ಇಪ್ಪತ್ತು ಸಾವಿರ ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಕಾಡಿನಲ್ಲಿ ಹಗಲಿರುಳು ನಡೆಯುವ ಮುಖಾಮುಖಿಗಳೆಲ್ಲ ಹಾಗೇ ಇರುತ್ತವೆ ಎಂದು ಯಾರಾದರೂ ತಿಳಿದರೆ, ಅವರಿಗೆ ಕಾಡಿನ ಅತ್ಯಂತ ಕುತೂಹಲಕರವಾದ ಭಾಗವೇ ಕಾಣದೆ ಹೋಗುತ್ತದೆ. ಇಲ್ಲಿ ಕಾಲ ಕಳೆದಂತೆಲ್ಲ ನನಗೆ ಮನವರಿಕೆಯಾದದ್ದು ಇಷ್ಟು: ಕಾಡುಮೃಗಗಳು ಎದುರುಬದುರಾದಾಗ ಹೆಚ್ಚಿನ ಸಲ ನಡೆಯುವುದು ಕಾದಾಟವಲ್ಲ, ಅಳೆದು ತೂಗುವಿಕೆ. ಯಾರು ಯಾರಿಗೆ ಎಷ್ಟು ಗಾಯ ಮಾಡಬಲ್ಲರು, ಆ ಗಾಯ ತಿನ್ನುವ ಮಾಂಸಕ್ಕೆ ಸಮವೇ ಎಂಬುದನ್ನು ಎರಡೂ ಕಡೆಯವು ಕ್ಷಣಾರ್ಧದಲ್ಲಿ ಅಂದಾಜಿಸಿ, ಯಾವುದಾದರೊಂದು ಹಿಂದೆ ಸರಿಯುತ್ತದೆ. ನೆತ್ತರು ಹರಿಯುವುದು ಈ ಅಂದಾಜು ತಪ್ಪಿದಾಗ, ಅಥವಾ ಹಿಂದೆ ಸರಿಯಲು ದಾರಿಯೇ ಇಲ್ಲದಾಗ.

ಕ್ರೂಗರ್‌ನೊಳಗಿನ ಸ್ಕುಕುಜಾ ಶಿಬಿರದಿಂದ ಲೋವರ್ ಸಾಬಿ ಶಿಬಿರಕ್ಕೆ ಹೋಗುವ ರಸ್ತೆ ಸಾಬಿ ನದಿಯ ದಡಕ್ಕೆ ಅಂಟಿಕೊಂಡು ಸಾಗುತ್ತದೆ. ಒಣಹವೆಯ ತಿಂಗಳೊಂದರ ಬೆಳಗ್ಗೆ ಆ ರಸ್ತೆಯ ಪಕ್ಕದಲ್ಲೇ, ಅತ್ತಿಯ ಜಾತಿಯ ಒಂದು ದೊಡ್ಡ ಮರದ ಬುಡದಲ್ಲಿ, ಹೆಣ್ಣು ಚಿರತೆಯೊಂದು ಆಗಷ್ಟೇ ಕೊಂದ ಇಂಪಾಲಾ ಎಂಬ ಹುಲ್ಲೆಯನ್ನು ಮುಂದಿಟ್ಟುಕೊಂಡು ಮಲಗಿತ್ತು. ತಿನ್ನುತ್ತಿರಲಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಪಕ್ಕೆಗಳು ಏರಿ ಇಳಿಯುವುದು ಕಾರಿನ ಕಿಟಕಿಯಿಂದಲೇ ಕಾಣುತ್ತಿತ್ತು. ಕೊಂಚ ಸುಧಾರಿಸಿಕೊಂಡು ಅದು ಇಂಪಾಲಾದ ಕತ್ತು ಹಿಡಿದು ಮರದತ್ತ ಎಳೆಯತೊಡಗಿತು. ನಾಲ್ಕು ಹೆಜ್ಜೆ ಹೋಗಿರಬಹುದು, ಒಮ್ಮೆಲೇ ಅದರ ಕಿವಿಗಳು ಹಿಂದಕ್ಕೆ ಮಡಚಿ ತಲೆಗೆ ಅಂಟಿಕೊಂಡವು. ಪೊದೆಯ ಕಡೆಯಿಂದ ಒಂಟಿ ಕತ್ತೆಕಿರುಬವೊಂದು ಬರುತ್ತಿತ್ತು. ಅದು ಓಡಿ ಬರಲಿಲ್ಲ, ಗುರುಗುಟ್ಟಲಿಲ್ಲ; ಮೂಗನ್ನು ಗಾಳಿಗೊಡ್ಡಿ, ಬಾಲವನ್ನು ಮೇಲೆತ್ತಿ, ತನ್ನದೇ ಮನೆಗೆ ಬಂದಂತೆ ನೇರವಾಗಿ ನಡೆದು ಬಂತು. ಚಿರತೆ ಹಲ್ಲು ತೋರಿಸಿ ಬುಸುಗುಟ್ಟಿತು, ಮುಂಗಾಲನ್ನು ಒಮ್ಮೆ ಎತ್ತಿತು, ಅಷ್ಟೇ. ಮುಂದಿನ ಕ್ಷಣದಲ್ಲಿ ಬೇಟೆಯನ್ನು ಬಿಟ್ಟು ಬರಿಬಾಯಲ್ಲಿ ಮರ ಹತ್ತಿ ಕೊಂಬೆಯ ಮೇಲೆ ಕೂತು, ಕೆಳಗೆ ಮೂಳೆ ಮುರಿಯುವ ಸದ್ದನ್ನು ಕೇಳುತ್ತಿತ್ತು.

ಪಕ್ಕದ ಕಾರಿನಲ್ಲಿದ್ದವರ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು. ಚಿರತೆ ಹೇಡಿಯೆಂದು ಅವರಲ್ಲಿ ಒಬ್ಬರು ಹೇಳಿಯೂ ಬಿಟ್ಟರು. ನನಗೆ ಆ ಮಾತು ಇವತ್ತಿಗೂ ಒಪ್ಪಿತವಲ್ಲ. ಈ ಭಾಗದ ಹೆಣ್ಣು ಚಿರತೆಯ ತೂಕ ನಲವತ್ತು ಕಿಲೋ ಆಸುಪಾಸಿನದು. ಕತ್ತೆಕಿರುಬ ಅರವತ್ತು ಕಿಲೋ ದಾಟುತ್ತದೆ, ಅದರ ದವಡೆ ಎಮ್ಮೆಯ ಮೂಳೆಯನ್ನೂ ಪುಡಿಮಾಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಚಿರತೆ ಒಂಟಿಜೀವಿ. ಕಾಲು ಮುರಿದ ಸಿಂಹಕ್ಕೆ ಗುಂಪಿನ ಇತರರು ಹಿಡಿದ ಬೇಟೆಯಲ್ಲಿ ಪಾಲು ಸಿಗಬಹುದು, ಕಾಲು ಮುರಿದ ಚಿರತೆಗೆ ಯಾರೂ ಉಣಿಸುವವರಿಲ್ಲ. ಮರಿಗಳಿದ್ದರಂತೂ ಅವೂ ಹಸಿವಿನಿಂದ ಸಾಯುತ್ತವೆ. ಒಂದು ಇಂಪಾಲಾ ಹೋದರೆ ನಾಳೆ ಇನ್ನೊಂದು ಸಿಕ್ಕೀತು. ಕ್ರೂಗರ್‌ಗೆ ಹೊಂದಿಕೊಂಡಿರುವ ಸಾಬಿ ಸ್ಯಾಂಡ್ ಮೀಸಲು ಪ್ರದೇಶದಲ್ಲಿ ಚಿರತೆಗಳನ್ನು ದಶಕಗಳ ಕಾಲ ಗಮನಿಸಿದ ದಾಖಲೆಗಳ ಪ್ರಕಾರ, ಅವು ಕೊಂದ ಪ್ರಾಣಿಗಳಲ್ಲಿ ಸುಮಾರು ಐದಕ್ಕೊಂದು ಬೇರೆಯವರ, ಹೆಚ್ಚಾಗಿ ಕತ್ತೆಕಿರುಬಗಳ, ಪಾಲಾಗುತ್ತದೆ. ಬೇಟೆಯನ್ನು ಮರಕ್ಕೆ ಏರಿಸುವ ಕಷ್ಟವನ್ನು ಚಿರತೆ ಮೈಮೇಲೆ ಎಳೆದುಕೊಳ್ಳುವುದೇ ಈ ಕಾರಣಕ್ಕೆ.

ಕತ್ತೆಕಿರುಬವೆಂದರೆ ಎಂಜಲು ತಿನ್ನುವ ಕಳ್ಳ ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದರಿಂದ ಇಲ್ಲೊಂದು ಮಾತು ಸೇರಿಸಲೇಬೇಕು. 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ತಾಂಜಾನಿಯಾದ ಎನ್‌ಗೊರೊಂಗೊರೊದಲ್ಲಿ ಇವುಗಳನ್ನು ರಾತ್ರಿಯಿಡೀ ಹಿಂಬಾಲಿಸಿ ನೋಡಿದಾಗ, ಅವು ತಾವೇ ಗುಂಪುಗೂಡಿ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳನ್ನು ಬೇಟೆಯಾಡುವುದು ಕಂಡುಬಂತು. ಬೆಳಗಾದ ಮೇಲೆ ಪ್ರವಾಸಿಗರಿಗೆ ಕಾಣುತ್ತಿದ್ದದ್ದು ಸಿಂಹಗಳು ತಿನ್ನುತ್ತಿರುವುದು, ಸುತ್ತ ಕತ್ತೆಕಿರುಬಗಳು ಕಾಯುತ್ತಿರುವುದು. ಎಷ್ಟೋ ಸಲ ಆ ಬೇಟೆ ಕತ್ತೆಕಿರುಬಗಳದ್ದು, ಕಸಿದುಕೊಂಡವು ಸಿಂಹಗಳು. ಹಗಲಿನಲ್ಲಿ ಕಂಡಷ್ಟನ್ನೇ ನೋಡಿ ಒಂದು ಪ್ರಾಣಿಗೆ ಹೆಸರು ಕೆಡಿಸಿದ್ದೇವಲ್ಲ ಎಂದು ನನಗೆ ಬೇಸರವಾಗುತ್ತದೆ.

ಬೇಟೆಗಳು ಸೋಲುವುದೇ ಹೆಚ್ಚು ಎಂಬುದೂ ವಿಡಿಯೊಗಳಿಂದ ತಿಳಿಯುವುದಿಲ್ಲ. ಜಾರ್ಜ್ ಶಾಲರ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಲ್ಲಿ ತಾಂಜಾನಿಯಾದ ಸೆರೆಂಗೆಟಿಯ ಸಿಂಹಗಳನ್ನು ಅಧ್ಯಯನ ಮಾಡಿದಾಗ, ಒಂಟಿ ಸಿಂಹದ ಐದಾರು ಪ್ರಯತ್ನಗಳಲ್ಲಿ ಒಂದು ಮಾತ್ರ ಫಲ ಕೊಡುತ್ತಿತ್ತು. ಎರಡು ಸಿಂಹಗಳು ಜತೆಗೂಡಿದರೆ ಮೂರಕ್ಕೊಂದರ ಹತ್ತಿರ. ಬಲದಲ್ಲಿಯೂ ವೇಗದಲ್ಲಿಯೂ ಮೇಲುಗೈ ಇರುವ ಮೃಗ ಹೀಗೇಕೆ ಸೋಲುತ್ತದೆ? ಬೋಟ್ಸ್ವಾನಾದಲ್ಲಿ ಚೀತಾ ಮತ್ತು ಇಂಪಾಲಾ, ಸಿಂಹ ಮತ್ತು ಜೀಬ್ರಾಗಳಿಗೆ ಚಲನೆ ಅಳೆಯುವ ಕೊರಳಪಟ್ಟಿ ಕಟ್ಟಿ ನಡೆಸಿದ ಸಂಶೋಧನೆಯೊಂದು 2018ರಲ್ಲಿ ಪ್ರಕಟವಾಯಿತು. ಬೇಟೆಗಾರ ಮೃಗಗಳ ಸ್ನಾಯುಗಳು ಶೇಕಡಾ 20ರಷ್ಟು ಹೆಚ್ಚು ಬಲವುಳ್ಳವು, ಓಟ ಶೇಕಡಾ 38ರಷ್ಟು ಹೆಚ್ಚು ವೇಗದ್ದು. ನೇರ ಓಟವಾದರೆ ಇಂಪಾಲಾಗೆ ಉಳಿಗಾಲವಿಲ್ಲ. ಆದರೆ ಇಂಪಾಲಾ ಹೆಚ್ಚಾಗಿ ತನ್ನ ಪೂರ್ಣ ವೇಗದಲ್ಲಿ ಓಡುವುದಿಲ್ಲ. ಕೊಂಚ ನಿಧಾನವಾಗಿ ಓಡಿ, ಚೀತಾ ಇನ್ನೇನು ಮೈಮೇಲೆ ಬೀಳಬೇಕು ಎನ್ನುವಾಗ ತಟ್ಟನೆ ತಿರುಗುತ್ತದೆ. ನಿಧಾನವಾಗಿದ್ದಷ್ಟೂ ಯಾವ ದಿಕ್ಕಿಗೆ ತಿರುಗಲೂ ಅವಕಾಶ ಹೆಚ್ಚು, ಎಲ್ಲಿ ತಿರುಗಬೇಕೆಂದು ಮೊದಲು ನಿರ್ಧರಿಸುವುದು ಓಡಿಹೋಗುವವರೇ, ಬೆನ್ನಟ್ಟುವವರಲ್ಲ. ಇದನ್ನು ಓದಿದ ಮೇಲೆ ಬಯಲಿನಲ್ಲಿ ಇಂಪಾಲಾಗಳ ಓಟವನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ದಿಕ್ಕೆಟ್ಟ ಓಟದಂತೆ ಕಾಣುತ್ತಿದ್ದದ್ದರಲ್ಲಿ ಎಂಥ ಹತೋಟಿ ಇದೆಯೆಂಬುದು ಅರ್ಥವಾಗತೊಡಗಿತು.

ಈ ಅಳೆದು ತೂಗುವಿಕೆಯಲ್ಲಿ ಮೂರನೆಯವರೂ ಕೈಜೋಡಿಸುತ್ತಾರೆ. ಘೇಂಡಾಮೃಗದ ಬೆನ್ನ ಮೇಲೆ ಕೂತು ಉಣ್ಣಿ ಹುಳು ಹೆಕ್ಕುವ ಕೆಂಪು ಕೊಕ್ಕಿನ ಪುಟ್ಟ ಹಕ್ಕಿಗಳನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಕ್ವಾಜುಲು-ನಟಾಲ್ ಪ್ರಾಂತದ ಶ್ಲುಶ್ಲುವೆ-ಇಮ್‌ಫೊಲೋಜಿ ಉದ್ಯಾನದ ಕಪ್ಪು ಘೇಂಡಾಮೃಗಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಕ್ಕಿಯಿಲ್ಲದ ಘೇಂಡಾಮೃಗಕ್ಕೆ ಮನುಷ್ಯ ಬರುತ್ತಿರುವುದು ಗೊತ್ತಾಗುತ್ತಿದ್ದದ್ದು ಸರಾಸರಿ 27 ಮೀಟರ್ ದೂರದಲ್ಲಿ, ಅದೂ ಕೆಲವೇ ಸಲ. ಹಕ್ಕಿ ಜತೆಗಿದ್ದಾಗ ಅದರ ಎಚ್ಚರಿಕೆಯ ಕೂಗು ಕೇಳಿ 61 ಮೀಟರ್ ದೂರದಲ್ಲೇ, ಪ್ರತಿ ಸಲವೂ ಗೊತ್ತಾಗುತ್ತಿತ್ತು. ಕಣ್ಣು ಮಂದವಾದ ಆ ದೊಡ್ಡ ಪ್ರಾಣಿ ಹಕ್ಕಿ ಕೂಗಿದ ಕೂಡಲೇ ಗಾಳಿ ಬೀಸುವ ದಿಕ್ಕಿಗೆ, ಅಂದರೆ ತನ್ನ ಮೂಗಿಗೆ ವಾಸನೆ ತಲುಪದ ಕಡೆಗೆ ಮುಖ ಮಾಡಿ ನಿಲ್ಲುತ್ತಿತ್ತಂತೆ.

ಘೇಂಡಾಮೃಗದ ಮಾತು ಬಂದದ್ದರಿಂದ ಈ ದೇಶದಲ್ಲಿ ನಡೆದ ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಪ್ರಾಣಿಗಳ ಕಾದಾಟವೆಂದರೆ ಪ್ರಕೃತಿಯ ಸಹಜ ನಿಯಮ, ಅದರಲ್ಲಿ ಮನುಷ್ಯನ ಕೈಯಿಲ್ಲ ಎಂದು ಹೇಳುವವರು ಇದನ್ನು ತಿಳಿದಿರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಕ್ರೂಗರ್‌ನಲ್ಲಿ ಆನೆಗಳ ಸಂಖ್ಯೆ ಮಿತಿಮೀರಬಾರದೆಂದು 1967ರಿಂದ 1994ರವರೆಗೆ ಅಧಿಕಾರಿಗಳೇ ಆನೆಗಳನ್ನು ಕೊಲ್ಲಿಸುತ್ತಿದ್ದರು. ಬಹುಪಾಲು ಇಡೀ ಕುಟುಂಬವನ್ನೇ ಒಟ್ಟಿಗೆ ಕೊಲ್ಲಲಾಗುತ್ತಿತ್ತು. ಕೆಲವು ಮರಿಗಳನ್ನು ಮಾತ್ರ ಉಳಿಸಿ ಹೊಸ ಅಭಯಾರಣ್ಯಗಳಿಗೆ ಸಾಗಿಸುತ್ತಿದ್ದರು, ಏಕೆಂದರೆ ದೊಡ್ಡ ಆನೆಗಳನ್ನು ಸಾಗಿಸುವ ವ್ಯವಸ್ಥೆ ಆಗಿನ್ನೂ ಇರಲಿಲ್ಲ. ಹಾಗೆ ತಾಯಿಯೂ ಇಲ್ಲದೆ, ಹಿರಿಯರೂ ಇಲ್ಲದೆ ಪಿಲಾನ್ಸ್‌ಬರ್ಗ್ ಎಂಬ ಉದ್ಯಾನಕ್ಕೆ ಬಂದ ಮರಿಗಳು ಅಲ್ಲಿ ತಮ್ಮಷ್ಟಕ್ಕೆ ಬೆಳೆದವು. 1992ರಿಂದ 1997ರವರೆಗೆ ಆ ಉದ್ಯಾನದಲ್ಲಿ ನಲವತ್ತಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳು ಸತ್ತು ಬಿದ್ದವು. ಕೊಂದದ್ದು ಕಳ್ಳಬೇಟೆಗಾರರಲ್ಲ. ಹರೆಯದ ಗಂಡಾನೆಗಳು ಅವುಗಳನ್ನು ದಂತದಿಂದ ತಿವಿದು ಕೊಲ್ಲುತ್ತಿದ್ದವು. ಆನೆಗೂ ಘೇಂಡಾಮೃಗಕ್ಕೂ ಒಂದೇ ನೀರಿನ ಹೊಂಡದಲ್ಲಿ ಸಣ್ಣಪುಟ್ಟ ತಳ್ಳಾಟ ನಡೆಯುವುದುಂಟು, ಸಾಮಾನ್ಯವಾಗಿ ಘೇಂಡಾಮೃಗ ದಾರಿ ಬಿಡುತ್ತದೆ. ಈ ಬಗೆಯ ಕೊಲೆ ಮಾತ್ರ ಸಹಜವಾದುದಾಗಿರಲಿಲ್ಲ.

ಪರಿಶೀಲಿಸಿದಾಗ ಕಂಡುಬಂದ ಕಾರಣ ಮದ. ಹಿರಿಯ ಸಲಗಗಳಿರುವ ಕಾಡಿನಲ್ಲಿ ಗಂಡಾನೆಗೆ ಮದ ಬರುವುದು ಇಪ್ಪತ್ತೈದು, ಮೂವತ್ತರ ವಯಸ್ಸಿನ ಹೊತ್ತಿಗೆ, ಮೊದಮೊದಲು ಕೆಲವೇ ದಿನ. ತನಗಿಂತ ದೊಡ್ಡ ಸಲಗ ಎದುರಾದರೆ ಕಿರಿಯ ಆನೆಯ ಮದ ಇಳಿದುಬಿಡುತ್ತದೆ. ಪಿಲಾನ್ಸ್‌ಬರ್ಗ್‌ನ ಹುಡುಗ ಆನೆಗಳಿಗೆ ಹದಿನೆಂಟರ ಆಸುಪಾಸಿಗೇ ಮದ ಬಂದಿತ್ತು, ತಿಂಗಳುಗಟ್ಟಲೆ ಇಳಿಯುತ್ತಲೂ ಇರಲಿಲ್ಲ, ಏಕೆಂದರೆ ಅವುಗಳ ಎದುರು ನಿಂತು ತಡೆಯಬಲ್ಲ ಹಿರಿಯರು ಅಲ್ಲಿ ಒಬ್ಬರೂ ಇರಲಿಲ್ಲ. 1998ರಲ್ಲಿ ಕ್ರೂಗರ್‌ನಿಂದ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ಅಷ್ಟು ಹೊತ್ತಿಗೆ ದೊಡ್ಡ ಆನೆಗಳನ್ನು ಸಾಗಿಸುವುದು ಸಾಧ್ಯವಾಗಿತ್ತು. ಕಿರಿಯ ಆನೆಗಳ ಮದದ ಅವಧಿ ಕುಗ್ಗಿತು, ಘೇಂಡಾಮೃಗಗಳ ಸಾವು ನಿಂತಿತು. ಈ ಫಲಿತಾಂಶ 2000ದಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಿಂದೆ ಸರಿಯುವುದನ್ನೂ ಆನೆ ಹಿರಿಯರ ಎದುರಿನಲ್ಲೇ ಕಲಿಯಬೇಕಾಗುತ್ತದೆ ಎಂಬುದನ್ನು ನೆನೆದಾಗ, ಕುಟುಂಬಗಳನ್ನು ಗುಂಡಿಕ್ಕಿ ಕೊಂದ ಆ ವರ್ಷಗಳ ಬಗ್ಗೆ ನನ್ನಲ್ಲಿ ಉಂಟಾಗುವ ಸಂಕಟ ಸಣ್ಣದಲ್ಲ.

ಇನ್ನು ಆ ಹಳೆಯ ವಿಡಿಯೊದ ಕಾಡೆಮ್ಮೆಗಳ ವಿಷಯ. ಅವು ಮರಳಿ ಬಂದದ್ದು ಪವಾಡವೇನೂ ಅಲ್ಲ. ಕಾಡೆಮ್ಮೆಯ ಹಿಂಡಿನಲ್ಲಿ ಹೆಣ್ಣುಗಳು ವರ್ಷಾನುಗಟ್ಟಲೆ ಜತೆಯಲ್ಲಿರುತ್ತವೆ, ಕರುವಿನ ಕೂಗಿಗೆ ಹಿಂಡು ತಿರುಗಿ ನಿಲ್ಲುವುದು ಇಲ್ಲಿನ ಮಾರ್ಗದರ್ಶಕರಿಗೆಲ್ಲ ಗೊತ್ತಿರುವ ಸಂಗತಿ. ಸಿಂಹದ ಹಿಡಿತ ಕತ್ತಿನ ಮೇಲೆ ಗಟ್ಟಿಯಾಗಿ ಬೀಳದೆ, ಮೊಸಳೆಯೊಂದಿಗಿನ ಎಳೆದಾಟದಲ್ಲಿ ಹೊತ್ತು ಕಳೆದದ್ದರಿಂದ ಕರು ಬದುಕಿಕೊಂಡಿರಬೇಕು. ನೂರಾರು ಕೊಂಬುಗಳ ಎದುರು ಕೆಲವೇ ಸಿಂಹಗಳು ನಿಂತಾಗ ಅವುಗಳ ಲೆಕ್ಕವೂ ಚಿರತೆಯ ಲೆಕ್ಕದಂತೆಯೇ ಆಯಿತು: ಸಿಗುವ ಮಾಂಸಕ್ಕಿಂತ ತಮ್ಮ ಪಕ್ಕೆಲುಬು ಮುರಿಯದೆ ಉಳಿಯುವುದು ದೊಡ್ಡದು.

ಊರಿನಿಂದ ಇಲ್ಲಿಗೆ ಬರುವವರಿಗೆ ನಾನು ಹೇಳುವುದು, ಕಾದಾಟ ಹುಡುಕಿಕೊಂಡು ಅಲೆಯಬೇಡಿ ಎಂದು. ಶಿಬಿರಗಳಲ್ಲಿ ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಬಣ್ಣದ ಗುರುತುಗಳನ್ನು ಅಂಟಿಸುವ ನಕ್ಷೆಯ ಫಲಕವಿರುತ್ತದೆ, ಮೊಬೈಲ್‌ನಲ್ಲಿಯೂ ಕ್ಷಣಕ್ಷಣದ ಸುದ್ದಿ ಹರಡುತ್ತದೆ. ಸಿಂಹವೆಂದು ಸುದ್ದಿ ಬಂದರೆ ಕಾರುಗಳು ಮುಗಿಬೀಳುತ್ತವೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣುರಸ್ತೆಯಲ್ಲಿ 40 ಕಿಲೋಮೀಟರ್ ಎಂಬ ಮಿತಿಯನ್ನು ಮುರಿಯುವವರೂ ಇದ್ದಾರೆ. ಬೇಟೆಗೆ ಹೊಂಚುಹಾಕಿದ ಮೃಗ ಮತ್ತು ಅದರ ಗುರಿಯ ನಡುವೆ ಕಾರು ನುಗ್ಗಿಸಿದರೆ ಅರ್ಧ ದಿನದ ಕಾಯುವಿಕೆ ನೀರುಪಾಲು. ಹಸಿದ ಪ್ರಾಣಿಯ ಪಾಲಿಗೆ ಅದು ಚಿಕ್ಕ ನಷ್ಟವಲ್ಲ. ಗೊತ್ತುಮಾಡಿದ ಜಾಗಗಳನ್ನು ಬಿಟ್ಟರೆ ಕಾರಿನಿಂದ ಇಳಿಯುವಂತೆಯೂ ಇಲ್ಲ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಅದರ ಬದಲು ಲೋವರ್ ಸಾಬಿಯ ಬಳಿಯ ಸನ್‌ಸೆಟ್ ಡ್ಯಾಮ್‌ಗೆ ಹೋಗಿ, ಎಂಜಿನ್ ನಿಲ್ಲಿಸಿ, ನೀರು ಕುಡಿಯಲು ಬರುವ ಇಂಪಾಲಾಗಳನ್ನು ನೋಡುತ್ತಾ ಕೂತುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳುಗಳಾದರೆ ಒಳ್ಳೆಯದು, ಹುಲ್ಲು ಒಣಗಿ ಕುಗ್ಗಿರುವುದರಿಂದ ಕಣ್ಣಿಗೆ ಅಡ್ಡಿಯಿರುವುದಿಲ್ಲ. ಮೊಸಳೆಗಳು ದಡದಲ್ಲೇ ಬಿಸಿಲು ಕಾಯುತ್ತಿರುತ್ತವೆ, ಇಂಪಾಲಾಗಳಿಗೆ ಅವು ಕಾಣುತ್ತಲೂ ಇರುತ್ತವೆ. ದಡದ ಮೇಲಿರುವ ಮೊಸಳೆಯನ್ನು ಸುತ್ತುಬಳಸಿ ನಡೆಯುವ ಇಂಪಾಲಾ, ನೀರಿನ ಅಂಚಿಗೆ ಬಂದ ಕೂಡಲೇ ಏಕೆ ಅಷ್ಟು ಹೊತ್ತು ತಡೆದು ನಿಲ್ಲುತ್ತದೆ, ಕುಡಿಯುವಾಗ ಹಿಂಗಾಲುಗಳನ್ನು ಹೇಗೆ ಇಡುತ್ತದೆ, ಪಕ್ಕದಲ್ಲಿ ನಿಂತ ಇನ್ನೊಂದು ಯಾವ ಕಡೆಗೆ ಕಿವಿ ತಿರುಗಿಸಿದೆ ಎಂಬುದನ್ನು ಗಮನಿಸಿ. ಮಕ್ಕಳನ್ನು ಕರೆತಂದಿದ್ದರೆ ಅವರ ಕೈಗೇ ದುರ್ಬೀನು ಕೊಡಿ. ದೊಡ್ಡವರಿಗಿಂತ ಮೊದಲು ಅವರೇ ಇದನ್ನೆಲ್ಲ ಕಂಡುಹಿಡಿಯುತ್ತಾರೆ.