ಮಾಟ ನಿಜಾನಾ ಅಂತ ಕೇಳೋರಿಗೆ

ಮದುವೆ ಮನೇಲಿ ಊಟಕ್ಕೆ ಕೂತಾಗ ಪಕ್ಕದೋರು ಏನ್ ಓದಿದ್ದು ಅಂತ ಕೇಳ್ತಾರೆ, ಮಾನವಶಾಸ್ತ್ರ ಅಂತೀನಿ, ಅದ್ರಲ್ಲಿ ಎಂತ ಇರ್ತದೆ ಅಂತಾರೆ, ಹರಕೆ, ಪೂಜೆ, ಮಾಟ-ಮಂತ್ರ ಇದನ್ನೆಲ್ಲ ಜನ ಯಾಕ್ ಮಾಡ್ತಾರೆ ಅಂತ ನೋಡೋದೂ ಇರ್ತದೆ ಅಂತೀನಿ. ಮುಗೀತು. ಹೋಳಿಗೆ ಎಲೆಗೆ ಬೀಳೋದ್ರೊಳಗೆ ಆ ಪ್ರಶ್ನೆ ಬಂದೇ ಬರ್ತದೆ: "ಹಂಗಾರೆ ಮಾಟ ನಿಜಾನಾ ಮಾರಾಯ? ನೀನು ನಂಬ್ತೀಯಾ?"

ನಂಬಲ್ಲ. ನಿಂಬೆಹಣ್ಣಿಗೆ ಸೂಜಿ ಚುಚ್ಚಿದ್ರೆ ಯಾರಿಗೂ ಜ್ವರ ಬರಲ್ಲ. ಆದ್ರೆ ಇಷ್ಟು ಹೇಳಿದ್ರೆ ಕೇಳಿದೋರಿಗೂ ಸಮಾಧಾನ ಇಲ್ಲ ನಂಗೂ ಇಲ್ಲ, ಯಾಕಂದ್ರೆ ನಂಗೆ ಕುತೂಹಲ ಇರೋದು ನಾವು ಇದನ್ನ ಎಲ್ಲಿ ಮಾಡ್ತೀವಿ ಎಲ್ಲಿ ಮಾಡಲ್ಲ ಅನ್ನೋದ್ರಲ್ಲಿ.

ಅಡಿಕೆ ತೋಟಾನೇ ತಗೊಳ್ಳಿ. ಮಳೆ ಹಿಡಿಯೋ ಮುಂಚೆ ಕೊಳೆ ರೋಗಕ್ಕೆ ಔಷಧಿ ಹೊಡಿಬೇಕು. ನಮ್ಮ ದೊಡ್ಡಪ್ಪ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ಅನ್ನೋ ಆ ಔಷಧಿ ಕಲಸ್ತಾರೆ, ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಬೇಕು, ಉಲ್ಟಾ ಹೊಯ್ದ್ರೆ ಬೈಗುಳ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿ ಅದ್ದಿ ನೋಡ್ತಾರೆ, ಅಲುಗಿಗೆ ಕೆಂಪಗೆ ಹತ್ತಿದ್ರೆ ತುತ್ತ ಜಾಸ್ತಿ ಆಗಿದೆ ಅಂತ ಇನ್ನೊಂಚೂರು ಸುಣ್ಣ. ಅಷ್ಟೊತ್ತೂ ದೇವ್ರ ಸುದ್ದಿ ಇಲ್ಲ, ಶುದ್ಧ ಕೆಮಿಸ್ಟ್ರಿ. ಎಲ್ಲ ರೆಡಿ ಆದ್ಮೇಲೆ ತೋಟದ ತುದೀಲಿರೋ ಚೌಡಿ ಕಲ್ಲಿಗೆ ಕಾಯಿ ಒಡೀತಾರೆ, ಮರ ಹತ್ತೋ ಕೆಲಸದ ಕೊನೆಗೌಡ ಮರ ಮುಟ್ಟಿ ಕಣ್ಣಿಗೊತ್ಕೊಂಡು ಹತ್ತತಾನೆ. ಅದೇ ಅಡಿಕೆ ಸುಲಿಯೋಕೆ, ಬೇಯ್ಸೋಕೆ ಯಾರಾದ್ರೂ ಹರಕೆ ಹೊತ್ತಿದ್ದು ನೋಡಿದೀರಾ? ನಾನಂತೂ ನೋಡಿಲ್ಲ. ಮರದ ಮೇಲೆ ಕಾಲು ಜಾರೋದು, ಜುಲೈಲಿ ಹದಿನೈದು ದಿನ ಬಿಡದೇ ಮಳೆ ಹೊಡೆಯೋದು, ಇದ್ಯಾವ್ದೂ ಕೈಯಲ್ಲಿಲ್ವಲ್ಲ, ಕಾಯಿ ಒಡೆಯೋದು ಅಲ್ಲಿಗೆ.

ಮಲಿನೋವ್ಸ್ಕಿ ಅನ್ನೋ ಮಾನವಶಾಸ್ತ್ರಜ್ಞರು ಮೊದಲ ಮಹಾಯುದ್ಧದ ಹೊತ್ತಲ್ಲಿ ನ್ಯೂ ಗಿನಿ ಹತ್ರದ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಕೂತು ಕಂಡಿದ್ದೂ ಇದೇ. ಒಳಗಿನ ತಿಳಿ ಹಿನ್ನೀರಲ್ಲಿ ವಿಷದ ಬೇರು ಹಾಕಿ ಮೀನು ಹಿಡಿಯೋಕೆ ಮಂತ್ರ ಇಲ್ಲ, ತೆರೆದ ಸಮುದ್ರಕ್ಕೆ ಹೋಗೋದಾದ್ರೆ ಮಾತ್ರ ಮಂತ್ರ. ನಮ್ಮ ಕಡೆ ಅಂಗಡಿ ಬಾಗಿಲಿಗೆ ಸಿಗಂದೂರು ದೇವಿಯ ಕಾವಲಿದೆ ಅಂತ ಬೋರ್ಡು, ಅದ್ರ ಪಕ್ಕದಲ್ಲೇ ಸಿಸಿ ಕ್ಯಾಮೆರಾ. ಇದನ್ನ ನೋಡಿ ನಗೋರಿದಾರೆ, ನಂಗೆ ನಗು ಬರಲ್ಲ, ಎರಡೂ ಬೇಕು ಅನ್ಸಿದೆ ಹಾಕಿದಾರೆ.

ಆದ್ರೆ ಕೆಟ್ಟದ್ದು ಆಗೋದಕ್ಕೆ ಮುಂಚೆ ಮಾಡೋದು ಒಂದು, ಆದ್ಮೇಲೆ ಕೇಳೋದು ಇನ್ನೊಂದು. ಮಂಗನ ಕಾಯಿಲೆ ವಿಷಯ ಗೊತ್ತಲ್ಲ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, ವೈರಸ್ಸು, ಉಣುಗು ಕಚ್ಚಿದ್ರೆ ಬರ್ತದೆ. ನಮ್ಮೂರಲ್ಲಿ ಉಣುಗಿಂದ ಬರ್ತದೆ ಅಂತ ಗೊತ್ತಿಲ್ಲದ ಅಜ್ಜಿ ಇಲ್ಲ. ಆದ್ರೂ ಕೇಳ್ತಾರೆ, ಕಾಡಿಗೆ ದರಗು, ಅಂದ್ರೆ ಒಣಗಿದ ಎಲೆ, ತರೋಕೆ ಹೋಗಿದ್ದು ಹತ್ತು ಜನ, ಉಣುಗು ಇವನಿಗೇ ಯಾಕೆ ಹತ್ತಬೇಕಿತ್ತು? ಇದಕ್ಕೆ ಡಾಕ್ಟ್ರ ಹತ್ರ ಉತ್ತರ ಇಲ್ಲ, ಅದು ಅವ್ರ ಕೆಲಸಾನೂ ಅಲ್ಲ.

ಇವಾನ್ಸ್-ಪ್ರಿಚರ್ಡ್ ಅನ್ನೋ ಇನ್ನೊಬ್ಬ ಮಾನವಶಾಸ್ತ್ರಜ್ಞರು 1937ರ ಪುಸ್ತಕದಲ್ಲಿ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಇದನ್ನೇ ಬರೆದಿದ್ದು. ಅಲ್ಲಿ ಬಿಸಿಲಿಗೆ ಜನ ಕಣಜದ ಕೆಳಗೆ ನೆರಳಲ್ಲಿ ಕೂರ್ತಾರೆ, ಒಂದೊಂದ್ಸಲ ಕಣಜ ಕುಸಿಯುತ್ತೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಅಂತ ಅವ್ರಿಗೂ ಗೊತ್ತು. ಆದ್ರೆ ಇವ್ರು ಕೂತಿದ್ದಾಗ್ಲೇ ಯಾಕೆ ಬೀಳ್ಬೇಕಿತ್ತು? ಅದಕ್ಕೆ ಉತ್ತರ ಮಾಟ.

ಅದೇ ಪುಸ್ತಕದಲ್ಲಿ ಇನ್ನೊಂದಿದೆ, ನಂಗೆ ಅದು ಹೆಚ್ಚು ಕಾಡಿದ್ದು. ಇಂಥೋರ ಮಾಟಾನಾ ಅಂತ ಹೆಸರು ಹೇಳಿ ಕೋಳಿಗೆ ವಿಷ ಹಾಕಿ ಕೇಳ್ತಾರೆ, ಕೋಳಿ ಸತ್ತು ಹೌದು ಅಂತ ಬಂದ್ರೆ ಆ ಕೋಳಿಯ ರೆಕ್ಕೆ ತಗೊಂಡೋಗಿ ಆ ಮನುಷ್ಯನ ಮುಂದೆ ಇಡ್ತಾರೆ. ಅವನು ಜಗಳ ಆಡಲ್ಲ, ಬಾಯಿಗೆ ನೀರು ಹಾಕ್ಕೊಂಡು ರೆಕ್ಕೆ ಮೇಲೆ ಉಗುಳಿ, ನಂಗೆ ಗೊತ್ತಿಲ್ಲದೇ ಆಗಿರ್ಬೇಕು, ರೋಗಿ ಹುಷಾರಾಗ್ಲಿ ಅಂತಾನೆ. ಮರ್ಯಾದೆ ಉಳೀತು, ಮಾತೂ ಉಳೀತು.

ನಮ್ಮಲ್ಲಿ ಈ ನೀರುಗುಳೋ ಭಾಗ ಇಲ್ಲ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮನೆ ಕರಾವಿನ ದನ ಸತ್ತೋಯ್ತು. ಡಾಕ್ಟ್ರು ಬಂದು ಹೊಟ್ಟೆ ಕೊಯ್ದು ನೋಡಿದ್ರು, ಒಂದು ಬುಟ್ಟಿ ಪ್ಲಾಸ್ಟಿಕ್ಕು. ದೊಡ್ಡಮ್ಮ ನೋಡಿದ್ರು, ಒಪ್ಕೊಂಡ್ರು, ಮಾರನೇ ದಿನ ಕವಡೆ ಹಾಕ್ಸೋಕೆ ಹೋದ್ರು. "ಪ್ಲಾಸ್ಟಿಕ್ ತಿಂದು ಸತ್ತಿದ್ದು ಹೌದು, ಊರಿನ ದನ ಎಲ್ಲ ತಿಂತಾವೆ, ನಮ್ದೇ ಯಾಕೆ ಸಾಯ್ಬೇಕು?" ಅಂದ್ರು. ಅಲ್ಲಿ ಹೆಸರು ಹೇಳ್ಲಿಲ್ಲ, ಮನೆಯಿಂದ ಬಡಗಣ ದಿಕ್ಕು, ಒಂಟಿ ಹೆಂಗಸು ಅಂದ್ರಂತೆ. ಆ ದಿಕ್ಕಲ್ಲಿ ಇದ್ದಿದ್ದು ಒಂದೇ ಮನೆ.

ಯಾರೂ ಹೋಗಿ ಕೇಳ್ಲಿಲ್ಲ. ಕೇಳಿದ್ರೆ ಆ ಅಜ್ಜಿ ಬೈದಾದ್ರೂ ಬಿಡ್ತಿದ್ರು, ದೇವ್ರ ಮುಂದೆ ಆಣೆ ಆದ್ರೂ ಮಾಡ್ತಿದ್ರು. ಸುಮ್ನೆ ಮಾತು ನಿಲ್ಲಿಸಿದ್ವಿ, ನಾನೂ ಸೇರಿ, ಅವ್ರು ಕೊಟ್ಟ ಪೇರಲೆ ಹಣ್ಣನ್ನ ದಾರೀಲಿ ಎಸೆದಿದೀನಿ. ಅಮಾನವೀಯ ಪದ್ಧತಿ, ವಾಮಾಚಾರ ತಡೆಯೋಕೆ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, ಇರ್ಲಿ, ಒಳ್ಳೇದು, ಆದ್ರೆ ಮಾತು ಬಿಟ್ಟಿದ್ದಕ್ಕೆ ಯಾವ ಪೊಲೀಸು ಕೇಸು ಹಾಕ್ತಾರೆ?

ಈಗ ದೊಡ್ಡಮ್ಮ ಎಲ್ಲ ಮರೆತ ಹಾಗಿದಾರೆ. ಭೂಮಿ ಹುಣ್ಣಿಮೆ ಕಡುಬು ನನ್ ಕೈಲೇ ಆ ಮನೆಗೆ ಕಳಿಸ್ತಾರೆ, ಅಜ್ಜಿ ತಗೋತಾರೆ, ನಗ್ತಾ ಮಾತಾಡ್ತಾರೆ. ಮಜ್ಜಿಗೆ ಬೇಕಾದಾಗ ಮಾತ್ರ ಅಜ್ಜಿ ನಮ್ಮನೆ ಬೇಲಿಯ ದಣಪೆ ಆಚೆನೇ ನಿಂತು ಕೂಗ್ತಾರೆ, ಒಳಗೆ ಬನ್ನಿ ಅಂದ್ರೆ ಕಾಲಲ್ಲಿ ಕೆಸರು ಕಣೋ ಅಂತಾರೆ, ಬೇಸಿಗೇಲೂ.