ಅಡಿಕೆ ಸೊಕ್ಕಿದ್ದಲ್ಲ

ಹೋದ್ ವರ್ಷ ಅಡಿಕೆ ಸುಲಿತದ ಟೈಮಲ್ಲಿ ಶುರುವಾಗಿದ್ದು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತಿದ್ದೆ, ಬಾವಿಗೆ ಕೊಡಪಾನ ಬಿಟ್ಟಾಗ ಹಗ್ಗ ಒಂದ್ಸಲ ಸಡಿಲಾಗಿ ಆಮೇಲೆ ಜಗ್ ಅಂತ ಎಳೀತದಲ್ಲ, ಎದೆ ಒಳಗೆ ಹಂಗೇ ಆಯ್ತು. "ಅಡಿಕೆ ಸೊಕ್ಕಿರ್ಬೇಕು ಕಣೇ, ಬೆಲ್ಲ ತಿಂದು ನೀರು ಕುಡಿ" ಅಂದ್ರು ಅತ್ತೆ. ನಾನೂ ನಂಬಿ ಎಲೆಅಡಿಕೆ ಬಿಟ್ಟೆ, ಎರಡು ವಾರ ಆದ್ರೂ ಎಳೆತ ನಿಲ್ಲಲಿಲ್ಲ.

ಶಿವಮೊಗ್ಗಕ್ಕೆ ಹೋದ್ರೆ ಇಸಿಜಿ ಟೈಮಲ್ಲಿ ಎದೆ ಪರಮ ಸಾಧು! ಕೊನೆಗೆ 24 ಗಂಟೆ ಬಡಿತ ಬರ್ಕೊಳ್ಳೋ ಹೋಲ್ಟರ್ ಮಿಷನ್ ಹಾಕಿದ್ರು, ಎದೆಗೆಲ್ಲ ವಯರ್ ಅಂಟಿಸ್ಕೊಂಡು ಸೀರೆ ಸೆರಗು ಹೊದ್ದು ತೀರ್ಥಹಳ್ಳಿ ಬಸ್ಸಲ್ಲಿ ವಾಪಸ್ ಬಂದೆ. ಎಕ್ಟೋಪಿಕ್ ಬೀಟ್ಸ್ ಅಂತೆ. ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್, ಅದೂ ಥೈರಾಯ್ಡೂ ಎರಡೂ ಸರಿ ಇತ್ತು. ಡಾಕ್ಟ್ರು ಹೇಳಿದ್ದು ನಂಗೆ ಇಷ್ಟ ಆಯ್ತು: ಬಡಿತ ತಪ್ಪೋದಲ್ವಂತೆ, ಒಂದು ಬಡಿತ ಅವಸರ ಮಾಡಿ ಮುಂಚೆ ಬಂದುಬಿಡ್ತದೆ, ಆಮೇಲೆ ಸ್ವಲ್ಪ ಗ್ಯಾಪ್, ಅಷ್ಟರಲ್ಲಿ ರಕ್ತ ಜಾಸ್ತಿ ತುಂಬ್ಕೊಂಡಿರ್ತದೆ, ಅದಕ್ಕೇ ಮುಂದಿನ ಹೊಡೆತ ಅಷ್ಟು ಜೋರು. ನನ್ನ ಕೊಡಪಾನದ ಹಗ್ಗವೇ!

ಮೆಟೊಪ್ರೊಲಾಲ್ ಅನ್ನೋ ಮಾತ್ರೆ 25 ಎಂಜಿ ಕೊಟ್ರು, ತಿಂಗಳು ಬಿಟ್ಟು 50 ಮಾಡಿದ್ರು. ಅಡ್ರಿನಲಿನ್ ಬಂದು ಎದೆ ಬಾಗಿಲು ತಟ್ಟೋ ಜಾಗಕ್ಕೆ ಅಗುಳಿ ಹಾಕೋ ಮಾತ್ರೆ ಇದು, ಬೀಟಾ ಬ್ಲಾಕರ್ ಅಂತಾರೆ. ಈ ಜಾತಿಯ ಪ್ರೊಪ್ರನಲಾಲ್ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು. ನಮ್ಮ ಚಿಕ್ಕಪ್ಪನೂ ಮೆಟೊಪ್ರೊಲಾಲನ್ನೇ ತಗೊಳ್ಳೋದು, ಆದ್ರೆ ಅವರದ್ದು ಏಟ್ರಿಯಲ್ ಫಿಬ್ರಿಲೇಶನ್, ಬಡಿತದ ತಾಳವೇ ತಪ್ಪೋ ಕಾಯಿಲೆ, ರಕ್ತ ಹೆಪ್ಪುಗಟ್ಟದೇ ಇರೋಕೆ ಬೇರೆ ಮಾತ್ರೆನೂ ಇದೆ. ಇಬ್ಬರದ್ದೂ ಒಂದೇ ಕಾಯಿಲೆ ಅಂತ ಮನೇಲಿ ಎಷ್ಟು ಜನ ಅಂದ್ಕೊಂಡಿದಾರೋ.

ಎಳೆತ ಕಮ್ಮಿ ಆಯ್ತು, ಸುಳ್ಳು ಹೇಳಬಾರದು. ಆದ್ರೆ ದರೆ ಹತ್ತೋದು! ನಮ್ಮ ತೋಟ ಮನೆಯಿಂದ ಕೆಳಗೆ, ಸೊಪ್ಪಿನ ಹೊರೆ ಇಲ್ದೇ ಬರೀ ಕೈಯಲ್ಲಿ ಹತ್ತಿದ್ರೂ ಹಲಸಿನ ಬುಡದಲ್ಲಿ ಕೂರ್ಬೇಕು, ಏದುಸಿರು ಅಲ್ಲ, ಕಾಲಿಗೆ ಮರಳು ಕಟ್ಟಿದ ಹಂಗೆ. ದರೆ ಹತ್ತೋವಾಗ ಎದೆ ಓಡ್ಬೇಕು, ಮಾತ್ರೆ ಓಡೋಕೆ ಬಿಡಲ್ಲ. ಮಾತ್ರೆಯಿಂದ ಕೈ ತಣ್ಣಗಿರೋದನ್ನ ಚಳಿಗಾಲ ಅಂತ ಯಾರೂ ಲೆಕ್ಕಕ್ಕೇ ಹಿಡೀಲಿಲ್ಲ. ಯುಗಾದಿ ದಿನ ಬೆವರು ಸುರಿಯೋ ಸೆಕೇಲಿ ಹೋಳಿಗೆ ಬಡಿಸ್ತಾ ಅತ್ತೆ ಕೈಗೆ ನನ್ನ ಕೈ ತಾಗಿತು, "ಫ್ರಿಜ್ಜೊಳಗೆ ಇಟ್ಟಿದ್ಯನೇ ಕೈನ?" ಅಂದ್ರು. ಕನಸೂ ಅಷ್ಟೇ, ಸತ್ತ ಅಪ್ಪ ಬಂದು ಕೊಟ್ಟಿಗೆ ಸೋರ್ತಿದೆ ಅಂತ ಜಗಳ ಆಡೋದು, ಎದ್ದು ನೋಡಿದ್ರೆ ಕೊಟ್ಟಿಗೆ ಸರಿಯಾಗೇ ಇದೆ. ಡಾಕ್ಟ್ರಿಗೆ ಹೇಳಿದ್ಮೇಲೆ ಮಾತ್ರೆ ರಾತ್ರಿಯಿಂದ ಬೆಳಿಗ್ಗೆಗೆ ಬಂತು, ಅಪ್ಪ ಬರೋದು ಕಮ್ಮಿ ಆಯ್ತು.

ದೊಡ್ಡ ತಪ್ಪು ಮಾಡಿದ್ದು ಜುಲೈನಲ್ಲಿ, ತಪ್ಪು ನಂದೇ. ಮಳೆ, ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿತ್ತು, ಸ್ಟ್ರಿಪ್ ಖಾಲಿ. ನಾಲ್ಕು ದಿನ ಬಿಟ್ರೆ ಎಂತ ಆಗ್ತದೆ ಅಂದ್ಕೊಂಡೆ. ಮೂರನೇ ರಾತ್ರಿ ಮಲಗಿದ್ದಲ್ಲೇ ಎದೆ ಡವಡವ ಅಂತ ಓಡೋಕೆ ಶುರು, ಬೆಳಗಿನವರೆಗೂ ಗೋಡೆಗೆ ಒರಗಿ ಕೂತಿದ್ದೆ. ಅಗುಳಿ ಹಾಕಿದಷ್ಟು ದಿನ ದೇಹ ಹೊಸ ಬಾಗಿಲು ಮಾಡ್ಕೊಂಡಿರ್ತದಂತೆ, ಥಟ್ ಅಂತ ತೆಗೆದ್ರೆ ಎಲ್ಲ ಕಡೆಯಿಂದ ನುಗ್ತದೆ. ಹಾರ್ಟಿನ ರಕ್ತನಾಳ ಬ್ಲಾಕ್ ಇರೋರಿಗೆ ಹಾರ್ಟ್ ಅಟ್ಯಾಕೇ ಆಗಬಹುದು. ಬಿಡೋದಿದ್ರೆ ಡಾಕ್ಟ್ರು ಹೇಳಿದ ಹಂಗೆ ನಿಧಾನಕ್ಕೆ ಇಳಿಸ್ಬೇಕು.

ಸೆಪ್ಟೆಂಬರಲ್ಲಿ ಎದ್ದು ನಿಂತ್ರೆ ತಲೆ ತಿರುಗ್ತಿತ್ತು, ಬಿಪಿ ಮಿಷನ್ನಲ್ಲಿ ಪಲ್ಸ್ 48. ಫೋನ್ ಮಾಡಿ ಕೇಳಿ ಈಗ ಮತ್ತೆ 25ಕ್ಕೆ ಬಂದಿದೀನಿ. ದಿನಕ್ಕೆ ಒಂದೆರಡು ಎಳೆತ ಬರ್ತದೆ, ಬರಲಿ, ದರೆ ಹತ್ತೋಕಾಗ್ತದಲ್ಲ.

ಮೊನ್ನೆ ಭಾವ, "ನಂಗೂ ಎದೆ ಹಂಗೇ ಆಗ್ತದೆ ಮಾರಾಯ್ತಿ, ನಿಂದೊಂದು ಮಾತ್ರೆ ಕೊಡು ನೋಡೋಣ" ಅಂದ್ರು. ಅವರಿಗೆ ಉಬ್ಬಸ, ಜೇಬಲ್ಲಿ ಯಾವಾಗ್ಲೂ ಇನ್ಹೇಲರ್. ಈ ಮಾತ್ರೆ ಉಸಿರಿನ ಕೊಳವೆನೇ ಬಿಗಿ ಮಾಡಬಹುದು. ಕೊಡಲ್ಲ ಅಂದೆ, ಕಾಫಿನೂ ಕುಡೀದೆ ಎದ್ದು ಹೋದ್ರು. ಸೋಮವಾರ ಬೈಸ್ಕೊಂಡಾದ್ರೂ ಇಸಿಜಿಗೆ ಕರ್ಕೊಂಡು ಹೋಗ್ತಿದೀನಿ, ನನ್ನ ಸ್ಟ್ರಿಪ್ಪಲ್ಲೂ ಆರೇ ಉಳಿದಿರೋದು.