ಬಲೆಟೋಪಿ ಹಾಕಿದ ಗುಲಾಬಿ

ಸಂಜೆ ಒಂದೇ ಒಂದು ಕೆಂಪು ಗುಲಾಬಿ ಕೇಳಿದೆ. 50 ರೂಪಾಯಿ! ಹೋದ ವಾರ 15 ಇತ್ತು.
"ಇವತ್ತು ಫೆಬ್ರವರಿ 14 ಅಲ್ವಾ ಸಾರ್," ಹೂವಿನಮ್ಮ ನಕ್ಕರು.

ಮೊಗ್ಗಿಗೆ ಬಿಳಿ ಬಲೆಯ ಟೋಪಿ. ಅದನ್ನು ಮೆಲ್ಲಗೆ ಸರಿಸಿ, ಕಪ್ಪಾದ ಎರಡು ಎಸಳು ಉಗುರಲ್ಲೇ ಕಿತ್ತರು. ಹೂವು ಹೊಸದಾಯ್ತು!

ಪಾಪ ವ್ಯಾಲೆಂಟೈನ್. ರೋಮ್‌ನಲ್ಲಿ ತಲೆ ಕೊಟ್ಟ ಸಂತ ಅಂತಾರೆ. ಅವನ ದಿನ ಹಕ್ಕಿಗಳು ಜೋಡಿ ಆರಿಸ್ಕೊಳ್ತವೆ ಅಂತ 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ. ಆಮೇಲೆ ಪ್ರೇಮಿಗಳು ಬಿಡಲಿಲ್ಲ. 1969ರಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಸಾಮಾನ್ಯ ಕ್ಯಾಲೆಂಡರಿನಿಂದ ಅವನ ಹಬ್ಬ ತೆಗೆದೇ ಹಾಕ್ತು. ಹೂವಿನಂಗಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮನೇಲಿ ಕೊಟ್ಟೆ. "ಇಷ್ಟು ದುಡ್ಡಿಗೆ ಒಂದು ಮಾರು ಸೇವಂತಿಗೆ ಬರ್ತಿತ್ತಲ್ರೀ!"
ಈಗ ನೋಡಿದರೆ ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಕಿಟಕಿ ಹತ್ತಿರ ಇಟ್ಟಿದ್ದಾಳೆ.